ಹಳೆ ಅಂಬಾಸಿಡರ್‌ಗೆ ಹೊಸ ಪೈಲಟ್ ಬುಷ್: ಗೇರ್‌ಬಾಕ್ಸ್ ಇಳಿಸುವುದರಿಂದ ಏರಿಸುವವರೆಗೆ

ಒಂದೇ ಬುಷ್‌ಗಾಗಿ ನಾನು ಎರಡು ಸಲ ಗೇರ್‌ಬಾಕ್ಸ್ ಇಳಿಸಿದ್ದೇನೆ. ಮೊದಲನೇ ಸಲ, ಹಳೆಯದು ಸವೆದಿತ್ತು. ಎರಡನೇ ಸಲ, ಹೊಸದನ್ನು ಅಳತೆ ನೋಡದೆ ಹೊಡೆದು ಕೂರಿಸಿದ್ದೆ. ಬುಷ್ ಅಂದರೆ ಲೋಹದ ಬಳೆ, ಇರುವುದು ಹೆಬ್ಬೆರಳಿನ ತುದಿಯಷ್ಟು. ಆದರೆ ಅದನ್ನು ಮುಟ್ಟಬೇಕಾದರೆ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಚಕ್ರಗಳ ಕಡೆಗೆ ಹೋಗುವ ಉದ್ದನೆ ದಂಡ), ಗೇರ್‌ಬಾಕ್ಸ್, ಕ್ಲಚ್ ಎಲ್ಲವನ್ನೂ ಬಿಚ್ಚಬೇಕು. ಮನೆಯಲ್ಲೇ ಮಾಡುವವರಿಗೆ ಎರಡು ದಿನ ಹಿಡಿಯುತ್ತದೆ. ಆ ಎರಡು ದಿನ ನಿಮಗೆ ನಾಲ್ಕು ದಿನ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 1972ರ ಅಂಬಾಸಿಡರ್ ಮಾರ್ಕ್ 2, ಅಪ್ಪ ಓಡಿಸುತ್ತಿದ್ದ ಗಾಡಿ. 1489 ಸಿಸಿ ಪೆಟ್ರೋಲ್ ಎಂಜಿನ್. ಇದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ನಿನ ವಂಶದ್ದು. ಗೇರ್ ಹಿಡಿ ಸ್ಟೀರಿಂಗ್ ಪಕ್ಕದಲ್ಲೇ ಇದೆ. ಪ್ರೀಮಿಯರ್ ಪದ್ಮಿನಿ ಇದ್ದವರಿಗೂ, ಹಳೆ ಪೆಟ್ರೋಲ್ ಜೀಪ್ ಇದ್ದವರಿಗೂ ಕೆಲಸದ ಕ್ರಮ ಹೆಚ್ಚು ಕಡಿಮೆ ಇದೇ. ಅಳತೆಗಳು ಮಾತ್ರ ಬೇರೆ.

ದಾವಣಗೆರೆಯಲ್ಲಿ ಹಳೆ ಗಾಡಿ ಇಟ್ಟುಕೊಂಡವರಿಗೆ ಒಂದು ದೊಡ್ಡ ಅನುಕೂಲ ಇದೆ. ಒಳ್ಳೆ ಲೇತ್ ಕೆಲಸ, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಕೆಲಸ, ಕೈಗೆ ಸಿಗುತ್ತದೆ. ಹತ್ತಿ ಗಿರಣಿ, ಅಕ್ಕಿ ಗಿರಣಿ, ಲಾರಿಗಳು ಇದ್ದ ಊರಿದು. ಮುರಿದ ಸಾಮಾನಿಗೆ ಬದಲಿ ಸಾಮಾನು ಇಲ್ಲೇ ಕಡೆದು ಕೊಡುವ ಕೈಗಳು ಮೊದಲಿಂದ ಇವೆ. ಜೊತೆಗೆ ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನೇ ತಯಾರಿಸುತ್ತಿತ್ತು. ನಾನು ಹೋಗುವ ಪಿ.ಬಿ. ರಸ್ತೆ ಕಡೆಯ ಅಂಗಡಿಯಲ್ಲಿ ಅಂಥದ್ದೊಂದು ಲೇತ್ ಇವತ್ತಿಗೂ ತಿರುಗುತ್ತಿದೆ. ಅದನ್ನು ನಡೆಸುವ ಹಿರಿಯರನ್ನು ನಾವೆಲ್ಲ ಚಾಚಾ ಅಂತೀವಿ. ಕೆಳಗೆ ಬರೆದಿರುವುದರಲ್ಲಿ ಅರ್ಧ ಅವರ ಬೆಂಚಿನ ಮುಂದೆ ನಿಂತು ಕಲಿತದ್ದು.

ಈ ಬುಷ್ ಏನು ಮಾಡುತ್ತದೆ

ಗೇರ್‌ಬಾಕ್ಸಿನಿಂದ ಮುಂದಕ್ಕೆ ಒಂದು ಉದ್ದನೆ ಶಾಫ್ಟ್ ಬರುತ್ತದೆ. ಕೆಲವರು ಕ್ಲಚ್ ಶಾಫ್ಟ್ ಅಂತಾರೆ, ಕೆಲವರು ಇನ್‌ಪುಟ್ ಶಾಫ್ಟ್. ಅದರ ಹಲ್ಲುಗಳ ಮೇಲೆ ಕ್ಲಚ್ ಪ್ಲೇಟ್ ಕೂತಿರುತ್ತದೆ. ಶಾಫ್ಟಿನ ಹಿಂಬದಿಯನ್ನು ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಹಿಡಿದಿರುತ್ತದೆ. ಮುಂದಿನ ಸಣ್ಣ ಮೂತಿ ಹೋಗಿ ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡದ) ಹಿಂದಿನ ತುದಿಯಲ್ಲಿರುವ ತೂತಿನಲ್ಲಿ ಕೂರುತ್ತದೆ. ಆ ತೂತಿನಲ್ಲಿರುವ ಬಳೆಯೇ ಪೈಲಟ್ ಬುಷ್. ಬ್ರಿಟಿಷ್ ಪುಸ್ತಕಗಳಲ್ಲಿ ಇದನ್ನೇ ಸ್ಪಿಗಟ್ ಬುಷ್ ಅಂತ ಕರೆಯುತ್ತಾರೆ. ಬಿಡಿಭಾಗದ ಅಂಗಡಿಯಲ್ಲಿ ಎರಡೂ ಹೆಸರು ಹೇಳಿ ಕೇಳಿ.

ಇದರಲ್ಲಿ ಒಂದು ವಿಷಯ ಗಮನಿಸಬೇಕು. ಕ್ಲಚ್ ಬಿಟ್ಟು ಗಾಡಿ ಓಡುತ್ತಿರುವಾಗ ಕ್ರ್ಯಾಂಕ್ ಮತ್ತು ಶಾಫ್ಟ್ ಒಟ್ಟಿಗೆ ತಿರುಗುತ್ತವೆ. ಆಗ ಬುಷ್‌ಗೆ ಉಜ್ಜಾಟವೇ ಇಲ್ಲ. ಪೆಡಲ್ ಒತ್ತಿದಾಗ ಮಾತ್ರ ಕ್ರ್ಯಾಂಕ್ ತಿರುಗುತ್ತಾ ಇರುತ್ತದೆ, ಶಾಫ್ಟ್ ನಿಲ್ಲುತ್ತದೆ. ಬುಷ್ ಸವೆಯುವುದು ಆ ಹೊತ್ತಿನಲ್ಲೇ. ಹಾಗಾಗಿ ಸಿಗ್ನಲ್ಲಿನಲ್ಲಿ ಗೇರ್ ಹಾಕಿ ಪೆಡಲ್ ಒತ್ತಿಕೊಂಡೇ ನಿಲ್ಲುವವರ ಗಾಡಿಯಲ್ಲಿ ಇದು ಬೇಗ ಹೋಗುತ್ತದೆ.

ಬಿಚ್ಚುವ ಮುಂಚೆ ಕಿವಿ ಕೊಡಿ

ಗೇರ್‌ಬಾಕ್ಸ್ ಇಳಿಸಿದ ಮೇಲೆ ತಪ್ಪು ಬೇರೆಲ್ಲೋ ಇತ್ತು ಅಂತ ಗೊತ್ತಾದರೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ಮೊದಲು ಎಂಜಿನ್ ಬಿಸಿ ಮಾಡಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಕೇಳಿ.

ನ್ಯೂಟ್ರಲ್‌ನಲ್ಲಿದೆ, ಪೆಡಲ್ ಮುಟ್ಟಿಲ್ಲ, ಆಗಲೇ ಗೊರಗೊರ ಸದ್ದು ಬರುತ್ತಿದೆ. ಪೆಡಲ್ ಒತ್ತಿದರೆ ಸದ್ದು ನಿಲ್ಲುತ್ತದೆ. ಇದು ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಇರಬೇಕು. ಬುಷ್ ಅಲ್ಲ.

ಪೆಡಲ್ ಮೇಲೆ ಕಾಲಿಟ್ಟು ಸ್ವಲ್ಪ ಒತ್ತಿದ ಕೂಡಲೇ ಸದ್ದು ಶುರುವಾಯಿತು. ಇದು ರಿಲೀಸ್ ಬೇರಿಂಗ್, ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳಿ ಬಿಡಿಸುವ ಬೇರಿಂಗ್.

ಪೆಡಲ್ ಪೂರ್ತಿ ಒತ್ತಿ, ಮೊದಲನೇ ಗೇರಿಗೆ ಹಾಕಿ, ಹಾಗೇ ಹಿಡಿದು ನಿಲ್ಲಿ. ಈಗ ಕೀರಲು ಸದ್ದು ಅಥವಾ ಕರಕರ ಬಂದರೆ ಪೈಲಟ್ ಬುಷ್ ಮೇಲೆ ಅನುಮಾನ ಪಡಬಹುದು. ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದರೆ ಶಾಫ್ಟ್ ಸ್ವಲ್ಪ ಹೊತ್ತು ತನ್ನ ಪಾಡಿಗೆ ತಿರುಗುತ್ತಿರಬಹುದು. ಗೇರ್ ಹಾಕಿದಾಗ ಅದು ಪೂರ್ತಿ ನಿಲ್ಲುತ್ತದೆ. ಬುಷ್ ಮೇಲೆ ಪೂರ್ತಿ ಉಜ್ಜಾಟ ಬೀಳುವುದು ಆಗಲೇ. ಈ ಪರೀಕ್ಷೆ ಮಾಡುವಾಗ ಗಾಡಿ ಮುಂದೆ ಯಾರೂ ನಿಂತಿರಬಾರದು.

ಇನ್ನೊಂದು ಲಕ್ಷಣ ಇದೆ. ಬುಷ್ ಶಾಫ್ಟನ್ನು ಕಚ್ಚಿ ಹಿಡಿದರೆ, ಪೆಡಲ್ ಒತ್ತಿದರೂ ಕ್ರ್ಯಾಂಕ್ ಶಾಫ್ಟನ್ನು ಎಳೆದುಕೊಂಡು ತಿರುಗುತ್ತದೆ. ಪೆಡಲ್ ಒತ್ತಿ ಐದಾರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿದರೂ ಹಲ್ಲು ಕಡಿದ ಸದ್ದು ಬರುತ್ತದೆ. ಗಾಡಿ ಮೆಲ್ಲಗೆ ಮುಂದಕ್ಕೆ ತೆವಳುತ್ತದೆ. ಆದರೆ ಪೆಡಲ್ ಹೊಂದಾಣಿಕೆ ತಪ್ಪಿದ್ದರೂ, ಕ್ಲಚ್ ಪ್ಲೇಟ್ ಸೊಟ್ಟಗಾಗಿದ್ದರೂ ಹೀಗೇ ಆಗುತ್ತದೆ. ಮೊದಲು ಹೊರಗಿಂದ ಸರಿಮಾಡಬಹುದಾದ್ದನ್ನು ನೋಡಿಬಿಡಿ.

ಬುಷ್ ಜಾಸ್ತಿ ಸವೆದಾಗ ಸದ್ದೇ ಇಲ್ಲದೆಯೂ ಇರಬಹುದು. ಶಾಫ್ಟಿನ ಮೂತಿ ಅಲ್ಲಾಡುತ್ತದೆ. ಅದರಿಂದ ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ. ಕ್ಲಚ್ ಪ್ಲೇಟಿನ ನಡುವಿನ ಹಲ್ಲು ಬೇಗ ತಿಂದುಹೋಗುತ್ತದೆ. ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಮೇಲೂ ಭಾರ ಬೀಳುತ್ತದೆ. ಅದಕ್ಕೇ ನನ್ನ ಮಾತು ಇಷ್ಟು: ಯಾವ ಕಾರಣಕ್ಕೆ ಗೇರ್‌ಬಾಕ್ಸ್ ಇಳಿಸಿದರೂ ಈ ಬುಷ್ ಬದಲಾಯಿಸಿ. ಕ್ಲಚ್ ಪ್ಲೇಟ್ ಹೊಸದು ಹಾಕಿ ಬುಷ್ ಹಳೆಯದೇ ಬಿಡುವುದು ಸರಿಯಲ್ಲ.

ಗೇರ್‌ಬಾಕ್ಸ್ ಇಳಿಸುವುದು

ಇದನ್ನು ಉದ್ದಕ್ಕೆ ಬರೆಯುವುದಿಲ್ಲ. ಗಾಡಿಯಿಂದ ಗಾಡಿಗೆ ಬೇರೆ ಇರುತ್ತದೆ, ನಿಮ್ಮ ಗಾಡಿಯ ಪುಸ್ತಕ ನೋಡಿಕೊಳ್ಳಿ. ತಪ್ಪಬಾರದ ಕೆಲವನ್ನು ಮಾತ್ರ ಹೇಳುತ್ತೇನೆ.

ಬ್ಯಾಟರಿ ವೈರ್ ಮೊದಲು ತೆಗೆಯಿರಿ. ಗಾಡಿಯನ್ನು ಗಟ್ಟಿ ನೆಲದ ಮೇಲೆ, ಒಳ್ಳೆ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ, ಅಥವಾ ಇಟ್ಟಿಗೆ ಜೋಡಿಸಿ ಅದರ ಮೇಲೆ ನಿಲ್ಲಿಸಿ ಕೆಳಗೆ ಹೋಗಬೇಡಿ. ಇಟ್ಟಿಗೆ ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ.

ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುಂಚೆ ಎರಡು ಫ್ಲಾಂಜಿಗೂ (ಬೋಲ್ಟ್ ಹಾಕಿ ಕೂಡಿಸುವ ಚಪ್ಪಟೆ ತಟ್ಟೆಗಳು) ಒಂದೊಂದು ಗುರುತು ಹಾಕಿ. ಮತ್ತೆ ಅದೇ ಜಾಗಕ್ಕೆ ಕೂರಿಸಬೇಕು, ಇಲ್ಲದಿದ್ದರೆ ನಡುಕ ಬರಬಹುದು. ಗೇರ್‌ಬಾಕ್ಸಿನ ಕೆಳಗೆ ಅದನ್ನು ಹೊತ್ತಿರುವ ಅಡ್ಡ ಮೆಂಬರ್ (ಅಡ್ಡಪಟ್ಟಿ) ತೆಗೆದರೆ ಎಂಜಿನ್ ಹಿಂದಕ್ಕೆ ವಾಲುತ್ತದೆ. ಅದಕ್ಕೆ ಆಯಿಲ್ ಸಂಪ್ ಕೆಳಗೆ ಅಗಲ ಹಲಗೆ ಇಟ್ಟು ಜಾಕ್ ಕೊಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಬೋಲ್ಟ್ ಬಿಚ್ಚಿದ ಮೇಲೆ ಗೇರ್‌ಬಾಕ್ಸಿನ ಭಾರ ಶಾಫ್ಟಿನ ಮೇಲೆ ತೂಗಾಡಬಾರದು. ತೂಗಾಡಿದರೆ ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಇಬ್ಬರು ಬೇಕೇ ಬೇಕು. ಒಬ್ಬರು ಹಿಡಿದು, ಇನ್ನೊಬ್ಬರು ನೇರವಾಗಿ ಹಿಂದಕ್ಕೆ ಎಳೆಯಬೇಕು.

ಕ್ಲಚ್ ಬಿಚ್ಚಿದಾಗ ಒಳಗೆ ಕಪ್ಪು ಧೂಳು ಇರುತ್ತದೆ. ಹಳೆ ಕ್ಲಚ್ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಳಿ ಪೈಪ್ ಹಿಡಿದು ಊದಬೇಡಿ. ಬಾಯಿ ಮೂಗಿಗೆ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ. ಪ್ರೆಷರ್ ಪ್ಲೇಟಿಗೂ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ತಟ್ಟೆ) ಫ್ಲೈವೀಲಿಗೂ (ಕ್ರ್ಯಾಂಕಿನ ತುದಿಗೆ ಕೂತಿರುವ ಭಾರದ ಚಕ್ರ) ಗುರುತು ಹಾಕಿ, ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಈಗ ಫ್ಲೈವೀಲಿನ ನಡುವಿನ ತೂತಿನೊಳಗೆ ಟಾರ್ಚ್ ಬಿಟ್ಟರೆ ಬುಷ್ ಕಾಣುತ್ತದೆ. ಅದನ್ನು ತೆಗೆಯಲು ಸಾಮಾನ್ಯವಾಗಿ ಫ್ಲೈವೀಲ್ ಬಿಚ್ಚಬೇಕಾಗಿಲ್ಲ.

ಹಳೆ ಬುಷ್ ಹೊರಗೆ

ಬುಷ್ ಕೂತಿರುವ ತೂತು ಹಿಂದೆ ಮುಚ್ಚಿದ್ದರೆ ಒಂದು ಸುಲಭದ ಉಪಾಯ ಇದೆ. ಬುಷ್‌ನ ಒಳಗೆ ಬಿಗಿಯಾಗಿ ಹೋಗುವಂಥ ಒಂದು ಕಬ್ಬಿಣದ ಸರಳು ಕಡೆಸಿಕೊಳ್ಳಿ. ಬೇಕರಿಯಿಂದ ಒಂದು ಪೌಂಡ್ ಬ್ರೆಡ್ ತನ್ನಿ. ಬಿಳಿ ಭಾಗವನ್ನು ನೀರಲ್ಲಿ ಸ್ವಲ್ಪ ನೆನೆಸಿ, ಉಂಡೆ ಮಾಡಿ ಬುಷ್ ಒಳಗೆ ತುಂಬಿ. ಸರಳು ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ಮತ್ತೆ ತುಂಬಿ, ಮತ್ತೆ ಹೊಡೆಯಿರಿ. ಬ್ರೆಡ್ ಬುಷ್‌ನ ಹಿಂದೆ ಹೋಗಿ ಒತ್ತಿಕೊಳ್ಳುತ್ತದೆ. ಒಳಗೆ ತುಂಬಿದ್ದಕ್ಕೆ ಹೋಗಲು ಬೇರೆ ದಾರಿ ಇಲ್ಲ, ಎಲ್ಲಾ ಕಡೆಗೂ ತಳ್ಳುತ್ತದೆ. ಬುಷ್ ಹಿಂದಿನಿಂದ ತಳ್ಳಿಸಿಕೊಂಡು ಸರಳಿನ ಸುತ್ತ ಹೊರಗೆ ಬರುತ್ತದೆ. ಮೊದಲ ಸಲ ನೋಡಿದಾಗ ನಂಬುವುದು ಕಷ್ಟ. ನಮ್ಮದು ಏಳೆಂಟು ಸಲ ತುಂಬಿದ ಮೇಲೆ ಬಂತು.

ಬ್ರೆಡ್ ಬದಲು ಗ್ರೀಸಿನಲ್ಲೂ ಇದನ್ನೇ ಮಾಡುತ್ತಾರೆ. ಗ್ರೀಸ್ ತೆಳು, ಸವೆದ ಬುಷ್ ಪಕ್ಕದಿಂದ ನುಸುಳಿ ಮುಖಕ್ಕೆ ಚಿಮ್ಮುತ್ತದೆ. ಬ್ರೆಡ್ ಚಿಮ್ಮುವುದು ಕಡಿಮೆ. ಎರಡಕ್ಕೂ ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮತ್ತೆ, ನಿಮ್ಮ ಗಾಡಿಯ ಒಳ್ಳೆ ಕ್ಲಚ್ ಶಾಫ್ಟನ್ನೇ ಸರಳಿನ ಥರ ಇಟ್ಟು ಹೊಡೆಯಬೇಡಿ. ಆ ಆಸೆ ಬರುತ್ತದೆ, ಅಳತೆ ಸರಿಯಾಗಿರುತ್ತದಲ್ಲ. ಬೇಡ.

ಬ್ರೆಡ್ ಕೈಕೊಟ್ಟರೆ ಟ್ಯಾಪ್ ಇದೆ, ತೂತಿನೊಳಗೆ ಬೋಲ್ಟಿನ ಥ್ರೆಡ್ ಕೊರೆಯುವ ಉಪಕರಣ. ಬುಷ್‌ನ ಒಳ ಅಳತೆಗಿಂತ ಸ್ವಲ್ಪ ದೊಡ್ಡ ಟ್ಯಾಪ್ ಹಾಕಿ ಬುಷ್‌ನಲ್ಲೇ ಥ್ರೆಡ್ ಕೊರೆಯಿರಿ. ಅದೇ ಥ್ರೆಡ್ಡಿನ ಉದ್ದನೆ ಬೋಲ್ಟ್ ತಿರುಗಿಸುತ್ತಾ ಹೋಗಿ. ಬೋಲ್ಟಿನ ತುದಿ ತೂತಿನ ತಳಕ್ಕೆ ತಾಗಿದ ಮೇಲೆ ಬುಷ್ ತಾನಾಗಿ ಹಿಂದಕ್ಕೆ ಬರುತ್ತದೆ. ಕೊನೆ ದಾರಿ, ಹ್ಯಾಕ್ಸಾ ಬ್ಲೇಡಿನಿಂದ ಬುಷ್ ಒಳಗೆ ಉದ್ದಕ್ಕೆ ಒಂದು ಗೀರು ಕೊಯ್ಯುವುದು, ಸಣ್ಣ ಉಳಿಯಿಂದ ಒಳಕ್ಕೆ ಮಡಚುವುದು. ಇಲ್ಲಿ ಬ್ಲೇಡ್ ಕ್ರ್ಯಾಂಕಿನ ಗೋಡೆಗೆ ತಾಗಬಾರದು. ಪೂರ್ತಿ ಕೊಯ್ಯುವ ಮುಂಚೆ ನಿಲ್ಲಿಸಿ. ಗೋಡೆಗೆ ಗೀರು ಬಿದ್ದರೆ ಹೊಸ ಬುಷ್ ಸುತ್ತ ಗಟ್ಟಿಯಾಗಿ ಕೂರುವುದಿಲ್ಲ.

ಬುಷ್ ಬಂದ ಮೇಲೆ ಬ್ರೆಡ್ಡಿನ ಒಂದು ಚೂರೂ ಒಳಗೆ ಉಳಿಯಬಾರದು. ತೇವ ಹಿಡಿದು ತುಕ್ಕು ಬರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಅಂಚಿನಲ್ಲಿ ಏನಾದರೂ ಉಬ್ಬಿದ್ದರೆ ನಯವಾದ ಎಮರಿ ಕಾಗದದಲ್ಲಿ ತೆಗೆಯಿರಿ. ಅಷ್ಟೇ ಸಾಕು. ತೂತಿನ ಗೋಡೆಯನ್ನು ಉಜ್ಜಬೇಡಿ.

ಯಾವ ಬುಷ್ ತರಬೇಕು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಹಳೆ ಗಾಡಿಗಳ ಬಹುತೇಕ ಪೈಲಟ್ ಬುಷ್‌ಗಳು ಪುಡಿಯಿಂದ ಮಾಡಿದ ಕಂಚಿನವು. ತಾಮ್ರ ಮತ್ತು ತವರದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಪೂರ್ತಿ ಕರಗದಷ್ಟು ಕಾಯಿಸಿ ಗಟ್ಟಿ ಮಾಡುತ್ತಾರೆ. ಕಣಗಳ ನಡುವೆ ಸಣ್ಣ ಸಣ್ಣ ತೂತು ಉಳಿಯುತ್ತವೆ. ಅದರ ಗಾತ್ರದಲ್ಲಿ ಸುಮಾರು ಐದನೇ ಒಂದು ಭಾಗ ಈ ತೂತುಗಳೇ. ಅದರಲ್ಲಿ ಎಣ್ಣೆ ತುಂಬಿರುತ್ತದೆ. ಶಾಫ್ಟ್ ಉಜ್ಜಿ ಬಿಸಿಯಾದಾಗ ಎಣ್ಣೆ ಹೊರಗೆ ಬರುತ್ತದೆ, ತಣ್ಣಗಾದಾಗ ಮತ್ತೆ ಒಳಗೆ ಹೋಗುತ್ತದೆ. ಅಮೆರಿಕದ ಕ್ರೈಸ್ಲರ್ ಕಂಪನಿ 1930ರ ಸುಮಾರಿಗೆ ಇದನ್ನು ತಂದಿತು. ಆಗ ಇಟ್ಟ ಆಯಿಲೈಟ್ ಅನ್ನುವ ಹೆಸರನ್ನು ಇವತ್ತಿಗೂ ಹೇಳುತ್ತಾರೆ.

ಕ್ರ್ಯಾಂಕಿನ ತುದಿಯಲ್ಲಿರುವ ಬುಷ್‌ಗೆ ಗೇರ್‌ಬಾಕ್ಸ್ ಇಳಿಸದೆ ಎಣ್ಣೆ ಬಿಡುವುದಕ್ಕೆ ಆಗುವುದಿಲ್ಲ ಅಲ್ವಾ? ತನ್ನೊಳಗಿರುವ ಎಣ್ಣೆಯಲ್ಲೇ ಅದು ವರ್ಷಗಟ್ಟಲೆ ಬದುಕಬೇಕು. ಅದಕ್ಕೇ ಇದು ಇಷ್ಟು ಒಳ್ಳೆ ಉಪಾಯ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಳ್ಳಿ. ನೋಡಲು ಕಂಚಿನ ಬಣ್ಣ, ಒಳಗೆ ಕಬ್ಬಿಣದ ಪುಡಿ ಇರುವ ಬುಷ್‌ಗಳು ಸಿಗುತ್ತವೆ. ನನಗೂ ಒಂದು ಸಲ ಅಂಥದ್ದು ಬಂದಿತ್ತು. ಮನೆಗೆ ತಂದು ಆಯಸ್ಕಾಂತ ಹಿಡಿದರೆ ಟಕ್ಕಂತ ಅಂಟಿತು. ಅದು ಸವೆಯುವ ಬದಲು ಶಾಫ್ಟಿನ ಮೂತಿಯನ್ನು ತಿನ್ನುತ್ತದೆ. ಬುಷ್ ಹೋದರೆ ಬುಷ್ ಖರ್ಚು, ಶಾಫ್ಟ್ ಹೋದರೆ ಗೇರ್‌ಬಾಕ್ಸ್ ಪೂರ್ತಿ ಬಿಚ್ಚುವ ಖರ್ಚು. ಆಯಸ್ಕಾಂತಕ್ಕೆ ಅಂಟುವುದನ್ನು ತರಬೇಡಿ.

ನಿಮ್ಮ ಗಾಡಿಗೆ ಸಿದ್ಧ ಬುಷ್ ಸಿಗದಿದ್ದರೆ ಲೇತಿನಲ್ಲಿ ಮಾಡಿಸಬಹುದು. ಆಯಿಲೈಟ್ ಬುಷ್ ದೊಡ್ಡ ಅಳತೆಯದು ತಂದು ಕಡೆಸುವುದು ಒಳ್ಳೆಯದು. ಆಗ ಟೂಲ್ ತುಂಬಾ ಹರಿತ ಇರಬೇಕು. ಮೊಂಡು ಟೂಲ್ ಲೋಹವನ್ನು ಕತ್ತರಿಸದೆ ಸವರುತ್ತದೆ, ತೂತುಗಳು ಮುಚ್ಚಿಹೋಗುತ್ತವೆ. ಒಳಗೆ ಎಮರಿ ಹಾಕಿ ಉಜ್ಜಿದರೂ ಅದೇ ಗತಿ, ಜೊತೆಗೆ ಎಮರಿ ಪುಡಿ ಒಳಗೇ ಕೂರುತ್ತದೆ. ಗನ್‌ಮೆಟಲ್ ಅಥವಾ ಫಾಸ್ಫರ್ ಬ್ರಾಂಜ್ ಸರಳಿನಿಂದಲೂ ಮಾಡಿಸಬಹುದು. ಆದರೆ ಅದು ಎಣ್ಣೆ ಹಿಡಿದಿಡುವುದಿಲ್ಲ, ಹಾಕುವಾಗ ಬಿಸಿ ತಾಳುವ ಗ್ರೀಸನ್ನು ತೆಳ್ಳಗೆ ಸವರಬೇಕು. ಹಿತ್ತಾಳೆ ಬೇಡ.

ಎಣ್ಣೆ ಕುಡಿಸುವುದು

ಹೊಸ ಬುಷ್ ಎಣ್ಣೆ ತುಂಬಿಕೊಂಡೇ ಬರುತ್ತದೆ. ಆದರೆ ಅಂಗಡಿಯಲ್ಲಿ ಕಾಗದದಲ್ಲಿ ಸುತ್ತಿ ವರ್ಷಾನುಗಟ್ಟಲೆ ಇಟ್ಟಿದ್ದರೆ ಆ ಎಣ್ಣೆಯನ್ನು ಕಾಗದ ಕುಡಿದಿರುತ್ತದೆ. ಹಾಗಾಗಿ ಒಂದು ಡಬ್ಬಿಯಲ್ಲಿ ಎಸ್‌ಎಇ 30 ಎಂಜಿನ್ ಆಯಿಲ್ ಹಾಕಿ, ಬುಷ್ ಮುಳುಗಿಸಿ, ಒಂದು ಇಡೀ ದಿನ ಬಿಡಿ. ಗೇರ್‌ಬಾಕ್ಸ್ ಇಳಿಸುವ ಹಿಂದಿನ ದಿನವೇ ಹಾಕಿಟ್ಟರೆ ಕಾಯುವ ಕೆಲಸ ಇಲ್ಲ.

ಅವಸರ ಇದ್ದರೆ ಇನ್ನೊಂದು ದಾರಿ. ಬುಷ್‌ನ ಒಂದು ಬಾಯಿಯನ್ನು ಬೆರಳಿನಿಂದ ಮುಚ್ಚಿ, ಒಳಗೆ ಎಣ್ಣೆ ತುಂಬಿ, ಇನ್ನೊಂದು ಬಾಯಿಗೆ ಹೆಬ್ಬೆರಳು ಇಟ್ಟು ಜೋರಾಗಿ ಒತ್ತಿ. ಸ್ವಲ್ಪ ಹೊತ್ತಿಗೆ ಬುಷ್‌ನ ಹೊರಮೈಯಲ್ಲಿ ಬೆವರಿನ ಹಾಗೆ ಎಣ್ಣೆ ಹನಿ ಮೂಡುತ್ತದೆ. ಲೋಹದ ಗೋಡೆ ದಾಟಿ ಎಣ್ಣೆ ಬರುವುದನ್ನು ಕಣ್ಣಾರೆ ನೋಡಬಹುದು. ಹನಿ ಮೂಡಲೇ ಇಲ್ಲ ಅಂದರೆ ತೂತುಗಳು ಮುಚ್ಚಿವೆ ಅಥವಾ ಅದು ಆಯಿಲೈಟ್ ಅಲ್ಲ.

ಗ್ರೀಸ್ ಬಗ್ಗೆ ಚಾಚಾ ಹೇಳಿದ ಮಾತು ನನಗೆ ಮರೆಯುವುದಿಲ್ಲ. ನಾನು ಒಳ್ಳೇದಕ್ಕೆ ಅಂತ ಆಯಿಲೈಟ್ ಬುಷ್‌ಗೆ ಬೆರಳಲ್ಲಿ ಗ್ರೀಸ್ ಹಚ್ಚಲು ಹೋಗಿದ್ದೆ. "ತಮ್ಮಾ, ಗ್ರೀಸ್ ಹಚ್ಚಬ್ಯಾಡ. ಅದ್ರ ಬಾಯಿ ಮುಚ್ಚಿದಂಗ ಆಗ್ತತಿ" ಅಂದರು. ಅದೇ ಸರಿ. ಗ್ರೀಸ್ ಆ ತೂತುಗಳನ್ನು ಮುಚ್ಚುತ್ತದೆ. ಬುಷ್ ಹಿಂದಿನ ಖಾಲಿ ಜಾಗಕ್ಕೂ ಗ್ರೀಸ್ ತುಂಬಬೇಡಿ. ತುಂಬಿದರೆ ಬುಷ್ ಪೂರ್ತಿ ಒಳಗೆ ಕೂರುವುದಿಲ್ಲ. ಆಮೇಲೆ ಬಿಸಿಗೆ ಕರಗಿ ಕ್ಲಚ್ ಪ್ಲೇಟಿಗೆ ಹಾರುತ್ತದೆ.

ಅಳತೆ: ನಾನು ತಪ್ಪಿದ್ದು ಇಲ್ಲೇ

ಮೊದಲನೇ ಸಲ ನಾನು ಹೊಸ ಬುಷ್ ತಂದು ಶಾಫ್ಟಿನ ಮೂತಿಗೆ ಹಾಕಿ ನೋಡಿದೆ. ನಯವಾಗಿ ಜಾರಿತು, ಅಲ್ಲಾಟ ಇರಲಿಲ್ಲ. ಖುಷಿಯಾಯಿತು. ಕ್ರ್ಯಾಂಕಿಗೆ ಹೊಡೆದು ಕೂರಿಸಿ ಗೇರ್‌ಬಾಕ್ಸ್ ಏರಿಸಿದೆವು. ಕೊನೆ ಅರ್ಧ ಇಂಚು ಹೋಗಲಿಲ್ಲ. ಬೋಲ್ಟ್ ಬಿಗಿ ಮಾಡಿ ಎಳೆದೆವು, ಹೋಯಿತು. ಮರುದಿನ ಬೆಳಿಗ್ಗೆ ರಿವರ್ಸ್ ಬೀಳಲಿಲ್ಲ. ಪೆಡಲ್ ಒತ್ತಿದರೂ ಗಾಡಿ ತೆವಳುತ್ತಿತ್ತು.

ಕಾರಣ ಸರಳ. ಬುಷ್‌ನ ಹೊರ ಅಳತೆ ತೂತಿಗಿಂತ ಸ್ವಲ್ಪ ದೊಡ್ಡದಿರುತ್ತದೆ. ಅದಕ್ಕೇ ಅದು ಬಿಗಿಯಾಗಿ ಕೂರುವುದು. ಹೊಡೆದು ಕೂರಿಸಿದಾಗ ಆ ಬಿಗಿ ಎಲ್ಲಿಗೆ ಹೋಗಬೇಕು? ಕ್ರ್ಯಾಂಕ್ ಹಿಗ್ಗುವುದಿಲ್ಲ. ಬುಷ್ ಒಳಕ್ಕೆ ಕುಗ್ಗುತ್ತದೆ. ಹೊರಗೆ ಎಷ್ಟು ಬಿಗಿಯೋ, ಒಳಗೆ ಹತ್ತಿರ ಹತ್ತಿರ ಅಷ್ಟೇ ಸಣ್ಣದಾಗುತ್ತದೆ. ಕೈಯಲ್ಲಿ ಸರಿಯಾಗಿ ಜಾರಿದ ಬುಷ್ ಕ್ರ್ಯಾಂಕಿನಲ್ಲಿ ಶಾಫ್ಟನ್ನು ಕಚ್ಚುತ್ತದೆ.

ಹಾಗಾಗಿ ನಾಲ್ಕು ಅಳತೆ ಬೇಕು: ಕ್ರ್ಯಾಂಕಿನ ತೂತು, ಬುಷ್‌ನ ಹೊರಗು, ಬುಷ್‌ನ ಒಳಗು, ಶಾಫ್ಟಿನ ಮೂತಿ. ಶಾಫ್ಟಿನ ಮೂತಿಯನ್ನು ಮೈಕ್ರೋಮೀಟರಿನಲ್ಲೇ ನೋಡಿ, ಎರಡು ಮೂರು ಕಡೆ, ಅಡ್ಡ ಉದ್ದ ಎರಡೂ ಕಡೆ. ವರ್ನಿಯರ್ ಇಷ್ಟು ಸೂಕ್ಷ್ಮಕ್ಕೆ ಸಾಲದು. ಮೂತಿಯಲ್ಲಿ ಆಳದ ಗೀರಿದ್ದರೆ, ಮೊಟ್ಟೆಯ ಹಾಗೆ ಸವೆದಿದ್ದರೆ, ಹೊಸ ಬುಷ್ ಹಾಕಿ ಪ್ರಯೋಜನ ಇಲ್ಲ. ಮೊದಲು ಶಾಫ್ಟ್ ಸರಿಮಾಡಿಸಬೇಕು. ಮೇಲುಮೇಲಿನ ಕಲೆ ಇದ್ದರೆ 600 ನಂಬರ್ ಎಮರಿಗೆ ಎಣ್ಣೆ ಹಚ್ಚಿ ಸುತ್ತಲೂ ನಯ ಮಾಡಿದರೆ ಸಾಕು.

ಲೇತ್ ಅಂಗಡಿಯಲ್ಲಿ ಇನ್ನೂ ಥೌ ಲೆಕ್ಕವೇ ನಡೆಯುತ್ತದೆ. ಒಂದು ಥೌ ಅಂದರೆ ಇಂಚಿನ ಸಾವಿರ ಭಾಗಗಳಲ್ಲಿ ಒಂದು, ಸುಮಾರು 0.025 ಮಿ.ಮೀ. ಕ್ರ್ಯಾಂಕಿನಲ್ಲಿ ಬಿಗಿ ಸಾಮಾನ್ಯವಾಗಿ ಒಂದರಿಂದ ಎರಡು ಥೌ. ಶಾಫ್ಟಿಗೂ ಬುಷ್‌ಗೂ ನಡುವೆ ಸಡಿಲು ಒಂದೂವರೆಯಿಂದ ಮೂರು ಥೌ. ನಿಮ್ಮ ಗಾಡಿಯ ಪುಸ್ತಕ ಬೇರೆ ಅಂಕಿ ಹೇಳಿದರೆ ಅದನ್ನೇ ಹಿಡಿಯಿರಿ.

ಲೆಕ್ಕ ಅರ್ಥವಾಗಲಿ ಅಂತ ಒಂದು ಉದಾಹರಣೆ. ಇದು ಯಾವ ಗಾಡಿಯ ಅಳತೆಯೂ ಅಲ್ಲ. ಶಾಫ್ಟಿನ ಮೂತಿ 15.00 ಮಿ.ಮೀ. ನಮಗೆ ಬೇಕಾದ ಸಡಿಲು 0.05. ಅಂದರೆ ಕೂತ ಮೇಲೆ ಬುಷ್‌ನ ಒಳ ಅಳತೆ 15.05 ಇರಬೇಕು. ಕ್ರ್ಯಾಂಕಿನಲ್ಲಿ ಬಿಗಿ 0.04 ಇದೆ. ಅಷ್ಟೂ ಒಳಕ್ಕೆ ಕುಗ್ಗುತ್ತದೆ ಅಂತ ಇಟ್ಟುಕೊಂಡರೆ, ಕೂರಿಸುವ ಮುಂಚೆ ಒಳ ಅಳತೆ 15.09 ಇರಬೇಕು. ನಾನು ಹಾಕಿದ್ದ ಬುಷ್‌ನಲ್ಲಿ ಕೂರಿಸುವ ಮುಂಚೆಯೇ ಸಡಿಲು ಒಂದು ಥೌ ಅಷ್ಟೇ ಇತ್ತು. ಕೂತ ಮೇಲೆ ಏನೂ ಉಳಿಯಲಿಲ್ಲ.

ಕೂತ ಬುಷ್‌ನ ಒಳಗನ್ನು ಅಳೆಯಲು ಒಳ್ಳೆ ಉಪಕರಣ ಎಲ್ಲರ ಹತ್ತಿರ ಇರುವುದಿಲ್ಲ. ಚಾಚಾ ತೋರಿಸಿದ ದಾರಿ ಅದಕ್ಕಿಂತ ಸುಲಭ. ಒಂದು ಸರಳಿನ ಎರಡು ತುದಿಯನ್ನು ಎರಡು ಅಳತೆಗೆ ಕಡೆಸಿಕೊಳ್ಳಿ. ಒಂದು ತುದಿ ಮೂತಿಗಿಂತ 0.03 ದಪ್ಪ, ಇನ್ನೊಂದು 0.08 ದಪ್ಪ. ಮೇಲಿನ ಉದಾಹರಣೆಯಲ್ಲಿ 15.03 ಮತ್ತು 15.08. ಬುಷ್ ಕೂತ ಮೇಲೆ ಮೊದಲನೇ ತುದಿ ಸಲೀಸಾಗಿ ಹೋಗಬೇಕು, ಎರಡನೇದು ಹೋಗಬಾರದು. ಅಷ್ಟೇ. ಇದು ಅರ್ಧ ಗಂಟೆ ಲೇತ್ ಕೆಲಸ. ಎರಡು ದಿನ ಉಳಿಸುತ್ತದೆ.

ಕೂರಿಸುವುದು

ಸುತ್ತಿಗೆಯಿಂದ ನೇರವಾಗಿ ಬುಷ್‌ಗೆ ಹೊಡೆಯಬೇಡಿ. ಪುಡಿ ಲೋಹ, ಅಂಚು ಒಡೆಯುತ್ತದೆ. ಮೆಟ್ಟಿಲು ಇರುವ ಒಂದು ಡ್ರಿಫ್ಟ್, ಅಂದರೆ ಬುಷ್ ಮೇಲಿಟ್ಟು ಹೊಡೆಯುವ ಸರಳು, ಕಡೆಸಿ. ಮುಂದಿನ ಸಣ್ಣ ಭಾಗ ಶಾಫ್ಟಿನ ಮೂತಿಯಷ್ಟೇ ದಪ್ಪ, ನಯವಾಗಿ ಪಾಲಿಶ್ ಆಗಿರಬೇಕು. ಹಿಂದಿನ ಭಾಗ ಬುಷ್‌ನ ಹೊರ ಅಳತೆಗಿಂತ ಕೂದಲೆಳೆಯಷ್ಟು ಸಣ್ಣ. ಮೆಟ್ಟಿಲು ಬುಷ್‌ನ ಪೂರ್ತಿ ಮುಖಕ್ಕೆ ಕೂರಬೇಕು. ಹೊಡೆತ ಎಲ್ಲಾ ಕಡೆ ಸಮವಾಗಿ ಬೀಳುತ್ತದೆ, ಸಣ್ಣ ಭಾಗ ಬುಷ್ ಒಳಗೆ ಇದ್ದು ಅದು ಮುದುಡದ ಹಾಗೆ ಕಾಯುತ್ತದೆ.

ಬುಷ್‌ಗೆ ಮುಖ ಇದೆ. ಹೊರ ಅಂಚು ಇಳಿಜಾರು ಇರುವ ಕಡೆ ಕ್ರ್ಯಾಂಕಿನೊಳಗೆ ಹೋಗಬೇಕು. ಒಳ ಅಂಚು ಇಳಿಜಾರು ಇರುವ ಕಡೆ ಗೇರ್‌ಬಾಕ್ಸಿನ ಕಡೆ ನೋಡಬೇಕು, ಶಾಫ್ಟಿನ ಮೂತಿ ದಾರಿ ಹುಡುಕಿಕೊಳ್ಳಲು.

ಫ್ರಿಜ್ಜಿನ ಫ್ರೀಜರಿನಲ್ಲಿ ಎರಡು ಗಂಟೆ ಇಟ್ಟರೆ ಬುಷ್ ಕುಗ್ಗುತ್ತದೆ ಅಂತಾರೆ. ನಿಜ, ಆದರೆ ಎಷ್ಟು? ನಮ್ಮ ಊರಿನ ಏಪ್ರಿಲ್ ಬಿಸಿಲಿಗೂ ಫ್ರೀಜರಿಗೂ 55 ಡಿಗ್ರಿ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. 20 ಮಿ.ಮೀ. ದಪ್ಪದ ಕಂಚಿನ ಬುಷ್ ಸುಮಾರು 0.02 ಮಿ.ಮೀ. ಕುಗ್ಗುತ್ತದೆ. ಒಂದು ಥೌಗಿಂತ ಕಡಿಮೆ. ಅಷ್ಟಾದರೂ ಸಹಾಯವೇ. ಆದರೆ ಫ್ರೀಜರಿನಿಂದ ತೆಗೆದು ಅರ್ಧ ನಿಮಿಷದಲ್ಲಿ ಕೂರಿಸಬೇಕು. ಅದಕ್ಕೆ ಡ್ರಿಫ್ಟ್, ಸುತ್ತಿಗೆ, ಟಾರ್ಚ್ ಎಲ್ಲಾ ಮೊದಲೇ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಮೇಲೆ ಕೂರುವ ತೇವವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ.

ಬುಷ್ ನೇರ ಇದೆಯಾ ಅಂತ ನೋಡಿ, ಸಣ್ಣ ಏಟಿನಲ್ಲಿ ಶುರು ಮಾಡಿ. ಒಂದು ಕಡೆ ವಾಲಿದರೆ ನಿಲ್ಲಿಸಿ, ತೆಗೆದು ಮತ್ತೆ ಇಡಿ. ವಾಲಿದ್ದನ್ನು ಹೊಡೆದು ಸರಿಮಾಡಲು ಹೋಗಬೇಡಿ. ಒಳಗೆ ಹೋಗುತ್ತಾ ಹೋದಂತೆ ಏಟಿನ ಸದ್ದು ಒಂದೇ ಥರ ಇರುತ್ತದೆ. ಕೂತ ಕೂಡಲೇ ಸದ್ದು ಗಟ್ಟಿಯಾಗುತ್ತದೆ. ಕಿವಿಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಬುಷ್‌ನ ಮುಖ ತೂತಿನ ಅಂಚಿಗೆ ಸಮ ಇರಬೇಕು ಅಥವಾ ಸ್ವಲ್ಪ ಒಳಗಿರಬೇಕು.

ಈಗ ಆ ಎರಡು ತುದಿಯ ಸರಳು ಹಾಕಿ ನೋಡಿ. ಬಿಗಿಯಾದರೆ ಲೇತಿನವರನ್ನು ಕರೆದು ಹರಿತವಾದ ರೀಮರಿನಿಂದ (ತೂತನ್ನು ಅಳತೆಗೆ ದೊಡ್ಡದು ಮಾಡುವ ಉಪಕರಣ) ಒಂದೇ ಸಮನೆ ತೆಗೆಸಿ, ಅಥವಾ ಆ ಬುಷ್ ಬಿಟ್ಟು ಇನ್ನೊಂದು ಸರಿಯಾದ ಅಳತೆಗೆ ಮಾಡಿಸಿ. ನಾನು ಎರಡನೇ ದಾರಿಯನ್ನೇ ಹಿಡಿಯುತ್ತೇನೆ. ಈ ಪರೀಕ್ಷೆ ಪಾಸಾಗುವವರೆಗೆ ಗೇರ್‌ಬಾಕ್ಸ್ ನೆಲದ ಮೇಲೇ ಇರಲಿ.

ಮತ್ತೆ ಜೋಡಿಸುವುದು

ಕ್ಲಚ್ ಪ್ಲೇಟ್ ನಡುವಿಗೆ ಬರಲು ಡಮ್ಮಿ ಶಾಫ್ಟ್ ಬೇಕು. ಹಳೆ ಕ್ಲಚ್ ಶಾಫ್ಟ್ ಒಂದು ಸಿಕ್ಕರೆ ಅದೇ ಸಾಕು. ಇಲ್ಲದಿದ್ದರೆ ಗಟ್ಟಿ ಮರದಲ್ಲೇ ಕಡೆಸಬಹುದು. ಡಮ್ಮಿಯ ಮೂತಿ ಬುಷ್‌ನಲ್ಲಿ, ಮೈ ಪ್ಲೇಟಿನ ಹಲ್ಲಿನಲ್ಲಿ ಕೂತಿರುವಾಗಲೇ ಪ್ರೆಷರ್ ಪ್ಲೇಟ್ ಬೋಲ್ಟುಗಳನ್ನು ಎದುರುಬದುರು ಬಿಗಿ ಮಾಡಿ. ಕ್ಲಚ್ ಪ್ಲೇಟಿಗೂ ಮುಂದು ಹಿಂದು ಇದೆ, ಬಿಚ್ಚುವಾಗಲೇ ಫೋಟೋ ತೆಗೆದುಕೊಳ್ಳಿ. ಶಾಫ್ಟಿನ ಮೂತಿಗೆ ಎಂಜಿನ್ ಆಯಿಲ್ ತೆಳ್ಳಗೆ ಸವರಿ.

ಗೇರ್‌ಬಾಕ್ಸ್ ಏರಿಸಲು ಎರಡು ಉದ್ದನೆ ಬೋಲ್ಟಿನ ತಲೆ ಕತ್ತರಿಸಿ, ಎಂಜಿನ್ನಿನ ಹಿಂದಿನ ತೂತುಗಳಲ್ಲಿ ಎರಡು ಕಡೆ ತಿರುಗಿಸಿ ಬಿಡಿ. ಗೇರ್‌ಬಾಕ್ಸ್ ಅದರ ಮೇಲೆ ಜಾರಿಕೊಂಡು ನೇರವಾಗಿ ಬರುತ್ತದೆ, ಕೈಗೆ ಭಾರ ಕಡಿಮೆ. ಗೇರ್ ಒಂದಕ್ಕೆ ಹಾಕಿಟ್ಟು ಹಿಂದಿನ ಫ್ಲಾಂಜ್ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಹಲ್ಲು ಕೂಡಿಕೊಳ್ಳುತ್ತದೆ. ಕೊನೆ ಅರ್ಧ ಇಂಚು ಕೈಯಿಂದಲೇ ಹೋಗಬೇಕು. ಹೋಗದಿದ್ದರೆ ಬೋಲ್ಟಿನಿಂದ ಎಳೆಯಬೇಡಿ. ಹಿಂದಕ್ಕೆ ತೆಗೆದು ಯಾಕೆ ಅಂತ ನೋಡಿ. ಅದನ್ನು ನಾನು ಆ ದಿನ ಮಾಡಿದ್ದರೆ ಎರಡನೇ ಸಲ ಇಳಿಸುವ ಕೆಲಸ ಬರುತ್ತಿರಲಿಲ್ಲ.

ಹೊಸ ಬುಷ್ ಕೆಲವೇ ತಿಂಗಳಲ್ಲಿ ಮತ್ತೆ ಸವೆದರೆ ತಪ್ಪು ಬುಷ್‌ನದಲ್ಲ. ಗೇರ್‌ಬಾಕ್ಸ್ ಕ್ರ್ಯಾಂಕಿನ ನೇರಕ್ಕೆ ಕೂತಿಲ್ಲ ಅಂತ ಅರ್ಥ. ಕೂಡುವ ಮುಖಗಳಲ್ಲಿ ಕೊಳೆ, ಬಣ್ಣದ ಗಂಟು, ಇದೆಯಾ, ಎರಡನ್ನೂ ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್ ಕಳೆದುಹೋಗಿದೆಯಾ ನೋಡಿ. ಫ್ಲೈವೀಲಿಗೆ ಡೈಯಲ್ ಗೇಜ್ ಕಟ್ಟಿ ಬೆಲ್ ಹೌಸಿಂಗಿನ (ಕ್ಲಚ್ ಸುತ್ತ ಇರುವ ಗಂಟೆಯಾಕಾರದ ಕವಚ) ತೂತಿನ ಸುತ್ತ ತಿರುಗಿಸಿ ಅಳೆಯಬಹುದು. ಐದು ಥೌಗಿಂತ ಜಾಸ್ತಿ ಓಲಾಡಿದರೆ ಸರಿಮಾಡಿಸಲೇಬೇಕು.

ಎಲ್ಲಾ ಜೋಡಿಸಿ, ಪೆಡಲ್ ಹೊಂದಿಸಿ, ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಒತ್ತಿ ಐದು ಸೆಕೆಂಡ್ ಎಣಿಸಿ ರಿವರ್ಸ್ ಹಾಕಿ. ಸದ್ದಿಲ್ಲದೆ ಬೀಳಬೇಕು. ಮೊದಲನೇ ಗೇರಿನಲ್ಲಿ ಪೆಡಲ್ ಒತ್ತಿ ಹಿಡಿದು ಕೇಳಿ. ಆಮೇಲೆ ರಸ್ತೆಗೆ ತನ್ನಿ. ನಾನು ಚಿತ್ರದುರ್ಗದ ಕಡೆ ಹೋಗಿ ಬಂದೆ. ಊರು ಹತ್ತಿರ ಬಂದು ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವವರೆಗೆ ಹತ್ತಾರು ಸಲ ಗೇರ್ ಬದಲಾಯಿಸಿ ನೋಡಿದೆ. ವಾಪಸ್ ಬಂದು ಕೆಳಗೆ ಮಲಗಿ ಬೆಲ್ ಹೌಸಿಂಗ್ ಬೋಲ್ಟು, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟು ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿದೆ. ಒಂದು ಬೋಲ್ಟ್ ಕಾಲು ಸುತ್ತು ತಿರುಗಿತು.

ಬುಷ್ ಮಾಡಿಸುವಾಗ ಎರಡು ಮಾಡಿಸಿ. ಎರಡನೇದನ್ನು ಕಾಗದದಲ್ಲಿ ಸುತ್ತಬೇಡಿ. ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿ ಎಣ್ಣೆ ಹಾಕಿ ಮುಳುಗಿಸಿಡಿ. ಮುಚ್ಚಳದ ಮೇಲೆ ನಾಲ್ಕೂ ಅಳತೆ, ಹಾಕಿದ ತಾರೀಖು, ಗಾಡಿಯ ಕಿಲೋಮೀಟರ್ ಬರೆದು, ಎರಡು ತುದಿಯ ಸರಳು ಮತ್ತು ಡ್ರಿಫ್ಟನ್ನು ಅದೇ ಡಬ್ಬಿಗೆ ತಂತಿಯಲ್ಲಿ ಕಟ್ಟಿಡಿ.